ಒತಾರು ಬಂದರಿನಿಂದ ಅಂಜನಾಪುರದ ಕೋಡಿವರೆಗೆ: ಒಂದು ಊರನ್ನು ಓದುವ ಐದು ಪ್ರಶ್ನೆಗಳು

ಜಪಾನ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಕೇಳಿಬರೋದು ಬುಲೆಟ್ ಟ್ರೈನ್, ರೋಬೋಟ್, ಅನಿಮೆ. ಶಿಕಾರಿಪುರ ಅಂದರೆ? ಅಲ್ಲಿಂದ ಬಂದವರು ಯಾರಾದರೂ ಪಕ್ಕದ ರೂಮಿನಲ್ಲಿದ್ದರೆ "ನಮ್ಮೂರಲ್ಲಿ ಏನಿದೆ ಮಾರಾಯ, ಅಡಿಕೆ ತೋಟ, ಜೋಳದ ಹೊಲ, ಒಂದು ಡ್ಯಾಮು" ಅಂತಾರೆ. ಆ "ಒಂದು ಡ್ಯಾಮು" ಅಂಜನಾಪುರ ಜಲಾಶಯ. ಅದರ ಸುತ್ತಮುತ್ತ, ಒಂದು ದಿನದಲ್ಲಿ ಸುತ್ತಿ ಬರುವಷ್ಟು ಜಾಗದಲ್ಲಿ, 1500 ವರ್ಷಕ್ಕೂ ಹೆಚ್ಚಿನ ನೀರಿನ ಲೆಕ್ಕ ಕಲ್ಲಿನ ಮೇಲೆ ಬರೆದಿಟ್ಟಿದೆ. ಅದನ್ನು ಓದಬೇಕು ಅಂತ ನಮಗೆ ಅನ್ನಿಸೋದಿಲ್ಲ, ಅಷ್ಟೇ.

ಪ್ರವಾಸಕ್ಕೋ ಇಂಟರ್ನ್‌ಶಿಪ್‌ಗೋ ಹೊರದೇಶಕ್ಕೆ ಹೋದಾಗ ನಾವೇ ಬೇರೆ ಮನುಷ್ಯರಾಗುತ್ತೇವೆ. ಅಲ್ಲಿನ ಹಳೆಯ ಗೋದಾಮಿನ ಮುಂದೆ ನಿಂತು ಫಲಕವನ್ನು ಕೊನೆಯ ಸಾಲಿನವರೆಗೂ ಓದುತ್ತೇವೆ. ಓದುವ ಅಭ್ಯಾಸ ನಮಗಿದೆ ಅಂತಾಯ್ತು. ಅದನ್ನು ಊರಿಗೆ ತಗೊಂಡು ಬರೋದು ಹೇಗೆ ಅನ್ನೋದೇ ಈ ಲೇಖನದ ವಿಷಯ. ಅದಕ್ಕಾಗಿ ಜಪಾನಿನ ಒಂದು ಬಂದರು ಊರನ್ನೂ ಅಂಜನಾಪುರದ ಸೀಮೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಐದು ಪ್ರಶ್ನೆ ಕೇಳೋಣ. ಈ ಐದೂ ಪ್ರಶ್ನೆಗಳನ್ನು ಯಾವ ಊರಿಗೆ ಬೇಕಾದರೂ ಕೇಳಬಹುದು.

ಎರಡೂ ಕಡೆಯ ಪರಿಚಯ

ಒತಾರು ಇರುವುದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ. ಹಿಂದೆ ಬೆಟ್ಟ, ಮುಂದೆ ಕಡಲು, ನಡುವೆ ಕಿರಿದಾದ ಊರು. ಮೊದಲು ಹೆರಿಂಗ್ ಮೀನಿನಿಂದ ಬದುಕಿದ ಊರು ಇದು. 1880ರಲ್ಲಿ ಇಲ್ಲಿಂದ ಸಪ್ಪೊರೊಗೆ ರೈಲು ಓಡಿತು. ಅದು ಹೊಕ್ಕೈಡೊದ ಮೊದಲ ರೈಲು. ಒಳನಾಡಿನ ಹೊರೊನಾಯ್ ಗಣಿಯ ಕಲ್ಲಿದ್ದಲನ್ನು ಬಂದರಿಗೆ ತರುವುದು ಅದರ ಮುಖ್ಯ ಉದ್ದೇಶ. ಆಮೇಲೆ ಬ್ಯಾಂಕುಗಳು ಬಂದವು, ಗೋದಾಮುಗಳು ಬಂದವು. ಇವತ್ತು ಅಲ್ಲಿಗೆ ಹೋದವರೆಲ್ಲ ಫೋಟೋ ತೆಗೆಸಿಕೊಳ್ಳುವುದು ಒಂದು ಕಾಲುವೆಯ ಪಕ್ಕ.

ಅಂಜನಾಪುರ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಕುಮುದ್ವತಿ ನದಿಗೆ ಇಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ ಜಲಾಶಯ ಇದೆ. ಮಳೆ ಚೆನ್ನಾಗಿ ಹಿಡಿದ ವರ್ಷ ಜಲಾಶಯ ತುಂಬಿ ಕೋಡಿ ಬೀಳುತ್ತೆ, ಆಗ ಸುತ್ತಲಿನ ಜನ ನೋಡೋಕೆ ಬರ್ತಾರೆ. ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ, ತಾಳಗುಂದ ಸಿಗುತ್ತವೆ. ಇನ್ನೂ ಮುಂದೆ ಸೊರಬ ತಾಲ್ಲೂಕಿನ ಆನವಟ್ಟಿ, ಕುಬಟೂರು. ಈ ಸೀಮೆಗೆ ಕಡಲಿಲ್ಲ, ಆದರೆ ಇಲ್ಲಿನ ಇತಿಹಾಸವೆಲ್ಲ ನೀರಿಗೇ ಅಂಟಿಕೊಂಡಿದೆ. ಎರಡೂ ಊರುಗಳನ್ನು ಜೊತೆಗಿಟ್ಟಿರೋದು ಅದಕ್ಕೇ.

ಪ್ರಶ್ನೆ 1: ಊರು ಇಲ್ಲೇ ಯಾಕೆ? ಹೆಸರು ಏನು ಹೇಳುತ್ತೆ?

ಮೊದಲು ಹೆಸರು ಕೇಳಿ. ಒತಾರು ಅನ್ನೋದು ಜಪಾನಿ ಪದ ಅಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಭಾಷೆಯದು. ಮರಳ ದಂಡೆಯ ನದಿ ಎಂಬ ಅರ್ಥದ ಮಾತೊಂದು ಸವೆದು ಈ ಹೆಸರಾಗಿದೆ. ಬಂದರು ಕಟ್ಟಿದವರಿಗಿಂತ ಮೊದಲೇ ಆ ನೆಲಕ್ಕೆ ಹೆಸರಿಟ್ಟವರು ಇದ್ದರು ಅಂತ ಊರ ಹೆಸರೇ ಹೇಳುತ್ತಿದೆ.

ನಮ್ಮ ಕಡೆ? ತಾಳಗುಂದದ ಹಳೆಯ ಹೆಸರು ಸ್ಥಾನಕುಂದೂರು. ಬಳ್ಳಿಗಾವಿಯನ್ನು ಶಾಸನಗಳು ಬಳ್ಳಿಗಾವೆ, ಬಳಿಪುರ ಎಂದೆಲ್ಲ ಕರೆಯುತ್ತವೆ. ಶಿಕಾರಿಪುರ ಮೊದಲು ಮಳಿಯನಹಳ್ಳಿಯಾಗಿತ್ತು, ಕೆಳದಿ ಅರಸರ ಕಾಲಕ್ಕೆ ಮಹಾದಾನಪುರವಾಯಿತು, ಹೈದರ್ ಅಥವಾ ಟಿಪ್ಪುವಿನ ಕಾಲದಲ್ಲಿ ಶಿಕಾರಿಗೆ ಒಳ್ಳೆಯ ಜಾಗ ಅಂತ ಈಗಿನ ಹೆಸರು ಬಂತು ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಬಸ್ಸಿನ ಬೋರ್ಡಿನಲ್ಲಿ ಕಾಣುವ ಒಂದೊಂದು ಹೆಸರಿನ ಹಿಂದೆಯೂ ಒಂದು ಆಡಳಿತ, ಒಂದು ಕಾಲ ಇದೆ.

ಇನ್ನು ಜಾಗ. ಶಿಕಾರಿಪುರ, ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗಿನಲ್ಲಿವೆ. ಪಶ್ಚಿಮದ ಕಾಡಿನಷ್ಟು ಮಳೆ ಇಲ್ಲ, ಪೂರ್ವದ ಬಯಲಿನಷ್ಟು ಬರವೂ ಇಲ್ಲ. ನಾಲ್ಕು ತಿಂಗಳು ಸುರಿದದ್ದನ್ನು ಹಿಡಿದಿಟ್ಟರೆ ಉಳಿದ ಎಂಟು ತಿಂಗಳು ನಡೆಯುತ್ತೆ. ನೆಲವೂ ಸಣ್ಣ ಸಣ್ಣ ಗುಡ್ಡ, ನಡುವೆ ತಗ್ಗು. ಎರಡು ದಿಬ್ಬಗಳ ನಡುವೆ ಒಂದು ಏರಿ ಹಾಕಿದರೆ ಕೆರೆ ಆಗುತ್ತೆ. ಒತಾರುವಿಗೆ ಬೆಟ್ಟಗಳ ಮರೆಯ ಕೊಲ್ಲಿ ಹೇಗೋ, ಈ ಸೀಮೆಗೆ ಈ ತಗ್ಗುಗಳು ಹಾಗೆ. ಊರು ಇಲ್ಲೇ ಯಾಕೆ ಅನ್ನೋದಕ್ಕೆ ಟೋಪೋ ಶೀಟ್‌ನ ಕಾಂಟೂರ್ ಗೆರೆಗಳಲ್ಲೇ ಅರ್ಧ ಉತ್ತರ ಸಿಗುತ್ತೆ.

ಕುಮುದ್ವತಿಯನ್ನೇ ಹಿಡಿದು ಹೋಗಿ. ಶಿವಮೊಗ್ಗ–ಸಾಗರ ರಸ್ತೆಯಲ್ಲಿ ಚೋರಡಿ ಸೇತುವೆ ದಾಟುತ್ತೀರಲ್ಲ, ಕೆಳಗೆ ಹರಿಯೋದು ಇದೇ ಹೊಳೆ. ಚೋರಡಿ ಹೊಳೆ ಅಂತಲೂ ಕರೀತಾರೆ. ಅದು ಉತ್ತರಕ್ಕೆ ಹರಿದು ಅಂಜನಾಪುರದಲ್ಲಿ ನಿಲ್ಲುತ್ತೆ. ಮುಂದೆ ಹಾವೇರಿ ಜಿಲ್ಲೆಯ ಗಡಿ ದಾಟಿ ಮಾಸೂರಿನ ಹತ್ತಿರ ಗುಡ್ಡಗಳ ನಡುವಿನ ಮದಗದ ಕೆರೆಗೆ ಸೇರುತ್ತೆ. ವಿಜಯನಗರದ ಕಾಲದ್ದೆಂದು ಹೇಳುವ ಆ ಕೆರೆಯ ಏರಿ ಎರಡು ಗುಡ್ಡಗಳನ್ನು ಜೋಡಿಸುವ ಇನ್ನೊಂದು ಗುಡ್ಡದ ಹಾಗಿದೆ. ಕೊನೆಗೆ ಹೊಳೆ ತುಂಗಭದ್ರೆಗೆ ಕೂಡುತ್ತೆ. ಒಂದೇ ಹೊಳೆಗೆ ಬೇರೆ ಬೇರೆ ಶತಮಾನದ ಎಂಜಿನಿಯರುಗಳು ಬೇರೆ ಬೇರೆ ಜಾಗದಲ್ಲಿ ಅಡ್ಡ ನಿಂತಿದ್ದಾರೆ.

ಪ್ರಶ್ನೆ 2: ಇದು ಏನು ಕೆಲಸ ಮಾಡುತ್ತಿತ್ತು?

"ಎಷ್ಟು ಚೆನ್ನಾಗಿದೆ" ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಒತಾರುವಿನ ಕಾಲುವೆಯನ್ನು ಯಾರೂ ಅಂದಕ್ಕೆ ಕಟ್ಟಲಿಲ್ಲ. ದೊಡ್ಡ ಹಡಗು ದಂಡೆಯ ಹತ್ತಿರ ಬರಲಾಗದ ಕಾಲದಲ್ಲಿ ಚಪ್ಪಟೆ ತಳದ ದೋಣಿಗಳು ಹಡಗಿನಿಂದ ಸರಕು ಇಳಿಸಿಕೊಂಡು ನೇರ ಗೋದಾಮಿನ ಬಾಗಿಲಿಗೆ ಬರಬೇಕಿತ್ತು. ಅದಕ್ಕಾಗಿ ಕಡಲನ್ನು ತುಂಬುವಾಗ ದಂಡೆಗೂ ಹೊಸ ನೆಲಕ್ಕೂ ನಡುವೆ ಒಂದು ನೀರಿನ ಪಟ್ಟಿಯನ್ನು ಹಾಗೇ ಬಿಟ್ಟರು. 1923ರಲ್ಲಿ ಕೆಲಸ ಮುಗಿಯಿತು. ಅಗೆದ ಕಾಲುವೆಯಲ್ಲ, ಉಳಿಸಿಕೊಂಡ ಕಾಲುವೆ. ಗೋದಾಮುಗಳೂ ಅಷ್ಟೇ. ಹೊರಗಿನಿಂದ ಕಲ್ಲಿನ ಕಟ್ಟಡದ ಹಾಗೆ ಕಂಡರೂ ಒಳಗೆ ಮರದ ಚೌಕಟ್ಟು. ಬೆಂಕಿ ತಾಗದಿರಲಿ ಅಂತ ಹೊರಗೆ ಕಲ್ಲಿನ ಹೊದಿಕೆ.

ಇದೇ ಕಣ್ಣಿನಿಂದ ನಮ್ಮ ಕೆರೆಯನ್ನು ನೋಡಿ. ಕೆರೆ ಅಂದರೆ ನೀರು ನಿಂತ ಗುಂಡಿ ಅಲ್ಲ, ಅದೊಂದು ಯಂತ್ರ. ಅದರ ಭಾಗಗಳಿಗೆಲ್ಲ ಕನ್ನಡದಲ್ಲಿ ಹೆಸರಿದೆ. ನೀರು ತಡೆಯುವುದು ಏರಿ. ಹೆಚ್ಚಾದದ್ದನ್ನು ಹೊರಗೆ ಬಿಡುವುದು ಕೋಡಿ. ಗದ್ದೆಗೆ ಬೇಕಾದಷ್ಟನ್ನು ಅಳೆದು ಬಿಡುವುದು ತೂಬು. ಆ ನೀರು ತಲುಪುವ ಜಮೀನು ಅಚ್ಚುಕಟ್ಟು. ಕೋಡಿಯ ಮಟ್ಟ ಯಾವಾಗಲೂ ಏರಿಯ ತಲೆಗಿಂತ ಕೆಳಗೆ. ಆ ಅಂತರವನ್ನೇ ನಾವು ಕ್ಲಾಸಿನಲ್ಲಿ ಫ್ರೀಬೋರ್ಡ್ ಅಂತ ಬರೆದುಕೊಳ್ಳೋದು. ಮಣ್ಣಿನ ಏರಿಯ ಮೇಲೆ ನೀರು ಹತ್ತಿತು ಅಂದರೆ ಕೊರೆದು ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಹೀಗೆ ಸರಪಳಿ. ಆದ್ದರಿಂದ ಒಂದು ಕೆರೆ ಮುಚ್ಚಿದರೆ ಪೆಟ್ಟು ಆ ಒಂದೇ ಊರಿಗೆ ಬೀಳೋದಿಲ್ಲ.

ತೂಬಿನ ಬಗ್ಗೆ ಒಂದು ಸಣ್ಣ ಲೆಕ್ಕ. ಹಳೆಯ ತೂಬು ಅಂದರೆ ಕೆರೆಯ ಒಳಗೆ ಎರಡು ಕಲ್ಲಿನ ಕಂಬ, ನಡುವೆ ತೂತಿರುವ ಚಪ್ಪಡಿ, ಆ ತೂತಿಗೆ ಬಿರಡೆ, ಬಿರಡೆ ಎತ್ತೋಕೆ ಒಂದು ಉದ್ದನೆ ಕೋಲು. ತೂತು 15 ಸೆಂ.ಮೀ. ವ್ಯಾಸ, ಅದರ ಮೇಲೆ 6 ಮೀಟರ್ ನೀರು ನಿಂತಿದೆ ಅಂದುಕೊಳ್ಳಿ. ಒತ್ತಡ ಸುಮಾರು 59 ಕಿಲೋಪ್ಯಾಸ್ಕಲ್. ತೂತಿನ ವಿಸ್ತೀರ್ಣ 0.0177 ಚದರ ಮೀಟರ್. ಗುಣಿಸಿದರೆ ಬಿರಡೆಯನ್ನು ಕೆಳಗೆ ಒತ್ತುವ ಬಲ ಸುಮಾರು 1.04 ಕಿಲೋನ್ಯೂಟನ್, ಅಂದರೆ ನೂರು ಕೆಜಿಗೂ ಮೀರಿದ ಭಾರ. ತೂತನ್ನು 30 ಸೆಂ.ಮೀ. ಮಾಡಿ ನೋಡಿ, ಭಾರ ನಾಲ್ಕು ಪಟ್ಟು! ಒಬ್ಬ ಮನುಷ್ಯ ಎತ್ತೋ ಮಾತೇ ಇಲ್ಲ. ಒಂದೇ ದೊಡ್ಡ ತೂತಿನ ಬದಲು ಬೇರೆ ಬೇರೆ ಮಟ್ಟದಲ್ಲಿ ಸಣ್ಣ ತೂತುಗಳನ್ನಿಟ್ಟರೆ ಎಷ್ಟು ಅನುಕೂಲ ಅನ್ನೋದು ಈ ಲೆಕ್ಕದಿಂದಲೇ ಗೊತ್ತಾಗುತ್ತೆ. ನೀರು ಇಳಿದ ಹಾಗೆ ಕೆಳಗಿನದನ್ನು ತೆಗೆದರಾಯ್ತು.

ಇನ್ನೊಂದು ಅಪಾಯವೂ ಇದೆ. ತೂಬಿನ ಕಲ್ಲುಗಾಲುವೆ ಏರಿಯನ್ನು ಕೊರೆದುಕೊಂಡೇ ಹೋಗಬೇಕು. ಕಲ್ಲು, ಮಣ್ಣು ಸೇರುವ ಆ ಸಂದಿಯಲ್ಲಿ ನೀರು ಜಿನುಗಿ ಮಣ್ಣು ಕೊಚ್ಚಿಹೋದರೆ ಏರಿಯೇ ಹೋಯಿತು. ಜಿಯೋಟೆಕ್ನಿಕಲ್ ಪೇಪರ್‌ನಲ್ಲಿ ಪೈಪಿಂಗ್ ಫೇಲ್ಯೂರ್ ಅಂತ ಹತ್ತು ಮಾರ್ಕ್ಸಿಗೆ ಬರೀತೀವಲ್ಲ, ಅದು ಇದೇ. ಊರ ಹಿರಿಯರು ಮಳೆಗಾಲದಲ್ಲಿ ಏರಿಯ ಹಿಂಬದಿ ನಡೆದು "ಎಲ್ಲಾದ್ರೂ ಒರತೆ ಇದೆಯಾ" ಅಂತ ನೋಡೋದು ಇದಕ್ಕೇ.

ಪ್ರಶ್ನೆ 3: ಕಟ್ಟಿದವರು ಯಾರು? ನೋಡಿಕೊಂಡವರು ಯಾರು?

ಒತಾರು ಬಂದರಿನ ಉತ್ತರದ ಅಲೆತಡೆಗೋಡೆಯನ್ನು ಕಟ್ಟಿದವರು ಹಿರೊಯಿ ಇಸಾಮಿ (1862–1928). 1897ರಲ್ಲಿ ಶುರುವಾಗಿ 1908ರಲ್ಲಿ ಮುಗಿದ ಕೆಲಸ. ಕಡಲಿಗೆ ಒಂದೂಕಾಲು ಕಿಲೋಮೀಟರಿಗೂ ಉದ್ದಕ್ಕೆ ಚಾಚಿದ ಕಾಂಕ್ರೀಟ್ ಗೋಡೆ. ಉತ್ತರದ ಕಡಲಿನ ಅಲೆಗೆ ಕಾಂಕ್ರೀಟ್ ಎಷ್ಟು ವರ್ಷ ತಡೆದೀತು ಅನ್ನೋದು ಆಗ ಯಾರಿಗೂ ಖಚಿತವಿರಲಿಲ್ಲ. ಹಿರೊಯಿ ಎರಡು ಉಪಾಯ ಮಾಡಿದರು. ಒಂದು, ಬ್ಲಾಕುಗಳನ್ನು ನೆಟ್ಟಗೆ ಪೇರಿಸದೆ 71 ಡಿಗ್ರಿ 34 ಮಿನಿಟ್ ಕೋನದಲ್ಲಿ ವಾಲಿಸಿ ಒಂದಕ್ಕೊಂದು ಒರಗುವ ಹಾಗೆ ಜೋಡಿಸಿದರು. ಕ್ಯಾಲ್ಕುಲೇಟರ್‌ನಲ್ಲಿ ಈ ಕೋನದ ಟ್ಯಾನ್ ಒತ್ತಿ ನೋಡಿ, 3 ಬರುತ್ತೆ. ಅಂದರೆ ಮೂರು ಅಡಿ ಎತ್ತರಕ್ಕೆ ಒಂದು ಅಡಿ ವಾಲು. ವಿಚಿತ್ರವಾಗಿ ಕಾಣುವ ಸಂಖ್ಯೆಯ ಹಿಂದೆ ಕೆಲಸಗಾರ ನೂಲು ಹಿಡಿದು ಅಳೆಯಬಹುದಾದ ಸುಲಭ ಅನುಪಾತ ಇದೆ!

ಎರಡನೆಯದು, ಸಿಮೆಂಟಿಗೆ ಜ್ವಾಲಾಮುಖಿಯ ಬೂದಿ ಬೆರೆಸಿದರು. ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವ ಸುಣ್ಣದ ಅಂಶದ ಜೊತೆ ಬೂದಿಯ ಸಿಲಿಕಾ ಸೇರಿ ಮತ್ತಷ್ಟು ಅಂಟು ಪದಾರ್ಥವಾಗುತ್ತದೆ, ಸಂದು ಕಡಿಮೆಯಾಗುತ್ತದೆ, ಕಡಲ ಉಪ್ಪುನೀರು ಒಳಹೊಗುವುದು ಕಷ್ಟವಾಗುತ್ತದೆ. ಇದು ನಮಗೆ ಹೊಸದಲ್ಲ. ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ ಮಾಡುವ ಕೆಲಸವೂ ಇದೇ ರಸಾಯನಶಾಸ್ತ್ರ. ಅಲ್ಲಿ ಜ್ವಾಲಾಮುಖಿ ಕೊಟ್ಟದ್ದನ್ನು ಇಲ್ಲಿ ಇಟ್ಟಿಗೆ ಗೂಡು ಕೊಟ್ಟಿತು.

ನಮ್ಮ ಕೆರೆಗಳನ್ನು ಕಟ್ಟಿದವರ ಹೆಸರು ಎಷ್ಟೋ ಕಡೆ ಇಲ್ಲ. ಆದರೆ ಯಾರು ಕಟ್ಟಿಸಿದರು, ಯಾರು ನೋಡಿಕೊಳ್ಳಬೇಕು ಅನ್ನೋದು ಶಾಸನಗಳಲ್ಲಿ ಇದೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡುವವರಿಗೆ ಬಿಟ್ಟ ಭೂಮಿಗೆ ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಹೆಸರುಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಇವುಗಳ ಅರ್ಥ ಇಷ್ಟೇ: ಕಟ್ಟುವ ದಿನವೇ ಮುಂದಿನ ರಿಪೇರಿಗೆ ದುಡ್ಡಿನ ದಾರಿ ಮಾಡಿಡಬೇಕು. ಹೂಳು ಎತ್ತುವವರಿಗೆ, ಗಾಡಿ ಹೊಡೆಯುವವರಿಗೆ, ತೂಬು ಕಾಯುವವರಿಗೆ ಆ ಭೂಮಿಯ ಉತ್ಪನ್ನದಿಂದ ಸಲ್ಲಬೇಕು. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಆಪರೇಷನ್ ಅಂಡ್ ಮೇಂಟೆನೆನ್ಸ್ ಅಂತ ಕೊನೆಯ ಪುಟದಲ್ಲಿ ಎರಡು ಸಾಲು ಬರೀತೀವಿ. ಅವರು ಅದನ್ನು ಕಲ್ಲಿನಲ್ಲಿ ಕೆತ್ತಿ, ಕೆಡಿಸಿದವರಿಗೆ ಶಾಪವನ್ನೂ ಹಾಕಿ ಇಟ್ಟರು.

ಬಳ್ಳಿಗಾವಿಗೆ ಬನ್ನಿ. ಬನವಾಸಿ ಹನ್ನೆರಡು ಸಾಸಿರ ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದ ಊರು ಅದು. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಇದ್ದ ಪಟ್ಟಣ. ಅಲ್ಲಮಪ್ರಭು ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ ಇದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಇಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ ಕಾಳಾಮುಖರ ಮಠದ ಹೆಸರು ಕೋಡಿಯ ಮಠ. ಕೆರೆಯ ಕೋಡಿಯ ಬಳಿ ಇದ್ದದ್ದರಿಂದ ಆ ಹೆಸರು ಅಂತ ವಿವರಿಸುತ್ತಾರೆ. ಮಠಕ್ಕೆ ವಿಳಾಸ ಕೊಟ್ಟದ್ದೂ ಕೆರೆಯೇ! 1162ರ ಒಂದು ಶಾಸನ ಈ ಮಠವನ್ನು ಬಣ್ಣಿಸುತ್ತದೆ. ವೇದ, ವ್ಯಾಕರಣ, ತರ್ಕ ಹೇಳಿಕೊಡುವ ಜಾಗ, ಹಸಿದವರಿಗೆ ಅನ್ನ ಕೊಡುವ ಜಾಗ, ರೋಗಿಗಳಿಗೆ ಮದ್ದು ಮಾಡುವ ಜಾಗ. ಕಾಲೇಜು, ಮೆಸ್ಸು, ಆಸ್ಪತ್ರೆ ಮೂರೂ ಒಂದೇ ಕ್ಯಾಂಪಸ್ಸಿನಲ್ಲಿ ಅಂದ ಹಾಗಾಯ್ತು.

ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ನಿಲ್ಲಿಸಿದ್ದು 1047ರಲ್ಲಿ, ಚಾವುಂಡರಾಯರಸ. ಎಲ್ಲರೂ ತಲೆಯೆತ್ತಿ ಮೇಲಿನ ಪಕ್ಷಿಯನ್ನು ನೋಡ್ತಾರೆ. ಸರ್ವೇಯಿಂಗ್ ಓದುವವರು ಇನ್ನೊಂದು ವಿಷಯ ನೆನಪಿಡಿ. ಈ ಊರಿನ ಶಾಸನಗಳಲ್ಲಿ ಭೂಮಿ ಅಳೆಯುವ ಭೇರುಂಡ ಗಳೆ ಎಂಬ ಕೋಲಿನ ಹೆಸರು ಬರುತ್ತದೆ. ಅದಕ್ಕೂ ಈ ಕಂಬಕ್ಕೂ ನಂಟು ಕಲ್ಪಿಸಿದವರಿದ್ದಾರೆ. ದಾನ ಕೊಟ್ಟ ಭೂಮಿ ಎಷ್ಟು ಅನ್ನೋದರ ಜೊತೆಗೆ ಯಾವ ಕೋಲಿನಿಂದ ಅಳೆದದ್ದು ಅನ್ನೋದನ್ನೂ ಬರೆದಿದ್ದಾರೆ ನೋಡಿ. ಯೂನಿಟ್ ಬರೆಯದೆ ಉತ್ತರ ಬರೆದರೆ ಅವರೂ ಮಾರ್ಕ್ಸ್ ಕೊಡುತ್ತಿರಲಿಲ್ಲ.

ಪ್ರಶ್ನೆ 4: ದಾಖಲೆ ಎಲ್ಲಿದೆ?

ಹಿರೊಯಿ ಗೋಡೆ ಕಟ್ಟಿ ಸುಮ್ಮನಾಗಲಿಲ್ಲ. ಇಂಗ್ಲಿಷಿನ 8ರ ಆಕಾರದ ಸಣ್ಣ ಗಾರೆಯ ತುಂಡುಗಳನ್ನು ಸುಮಾರು 60,000 ಮಾಡಿಸಿದರು. ಕೆಲವನ್ನು ಕಡಲ ನೀರಿನಲ್ಲಿ, ಕೆಲವನ್ನು ಸಿಹಿನೀರಿನಲ್ಲಿ, ಕೆಲವನ್ನು ಗಾಳಿಯಲ್ಲಿ ಇಡಿಸಿದರು. ವರ್ಷಗಳ ಅಂತರದಲ್ಲಿ ಕೆಲವನ್ನು ತೆಗೆದು ಎಳೆದು ಮುರಿದು ಬಲ ಅಳೆಯಬೇಕು. ತಾವು ಸತ್ತ ಮೇಲೂ ನಡೆಯಬೇಕಾದ ಪರೀಕ್ಷೆ ಅದು. ನೂರು ವರ್ಷ ದಾಟಿ ನಡೆದಿದೆ. ನಾವು ಲ್ಯಾಬಿನಲ್ಲಿ 28 ದಿನದ ಕ್ಯೂಬ್ ಟೆಸ್ಟಿಗೇ ಕಾಯೋಕೆ ಆಗದೆ 7 ದಿನದ ರೀಡಿಂಗ್ ಹಿಡಿದು ಲೆಕ್ಕ ಹಾಕ್ತೀವಿ!

ಇದಕ್ಕೆ ಸರಿಸಾಟಿಯಾದ ದಾಖಲೆ ತಾಳಗುಂದದಲ್ಲಿದೆ. ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಒಂದು ಕಲ್ಲಿನ ಕಂಬ. ಕದಂಬರ ಶಾಂತಿವರ್ಮನ ಕಾಲದ್ದು, ಐದನೆಯ ಶತಮಾನ. ಬರೆದ ಕವಿ ಕುಬ್ಜ. ಭಾಷೆ ಸಂಸ್ಕೃತ. ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತವೆ. ಈ ಊರಿನ ಮಯೂರಶರ್ಮ ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಎಲ್ಲ ಇದರಿಂದಲೇ ನಮಗೆ ತಿಳಿದಿದೆ. ಸಿನಿಮಾದಲ್ಲಿ ನೋಡಿದ ಕಥೆಯ ಮೂಲ ಪ್ರತಿ ಇದು.

ಆದರೆ ಸಿನಿಮಾದವರು ಬಿಟ್ಟ ಒಂದು ಭಾಗ ನಮಗೆ ಮುಖ್ಯ. ಈ ಶಾಸನ ಹುಟ್ಟಿದ್ದೇ ಒಂದು ಕೆರೆಗಾಗಿ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿನ ಶಿವಾಲಯಕ್ಕೆ ನೀರು ಒದಗಿಸಲು ದೊಡ್ಡ ಕೆರೆ ಕಟ್ಟಿಸಿದ, ಅದನ್ನು ದಾಖಲಿಸುವುದಕ್ಕೆ ಕುಬ್ಜ ಇಡೀ ರಾಜವಂಶದ ಕಥೆ ಹೇಳಿದ. ಕರ್ನಾಟಕದ ಮೊದಲ ರಾಜಮನೆತನದ ಚರಿತ್ರೆ ನಮಗೆ ಸಿಕ್ಕಿರುವುದು ಒಂದು ನೀರಾವರಿ ಕಾಮಗಾರಿಯ ಉದ್ಘಾಟನಾ ಫಲಕದಿಂದ ಅಂದರೆ ತಪ್ಪಿಲ್ಲ.

ತಾಳಗುಂದ ಇನ್ನೂ ಮುಗಿದಿಲ್ಲ. 2013ರ ಹೊತ್ತಿಗೆ ಗುಡಿಯ ಬಳಿ ನಡೆದ ಉತ್ಖನನದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸಿಂಹ ಕಟಾಂಜನದ ಮೇಲೆ ಒಂದು ಕನ್ನಡ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರ ಸುಮಾರಿನದೆಂದೂ ಹಲ್ಮಿಡಿಗಿಂತ ಹಳೆಯದೆಂದೂ ಇಲಾಖೆ ಹೇಳಿತು. ಇದೇ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಪ್ರಾಕೃತ ಶಾಸನಗಳಿವೆ. ಪ್ರಾಕೃತ, ಸಂಸ್ಕೃತ, ಕನ್ನಡ ಮೂರನ್ನೂ ಒಂದೇ ತಾಲ್ಲೂಕಿನಲ್ಲಿ ಕಲ್ಲಿನ ಮೇಲೆ ನೋಡಬಹುದು.

ಇದನ್ನೆಲ್ಲ ಓದಲು ಹಳೆಗನ್ನಡ ಪಂಡಿತರೇ ಆಗಬೇಕಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕು, 1904ರ ಎಂಟನೆಯದರಲ್ಲಿ ಸೊರಬ. ತಾಲ್ಲೂಕುವಾರು ನಂಬರ್ ಇದೆ. ತಾಳಗುಂದದ ಕಂಬ ಶಿಕಾರಿಪುರ 176. ಕನ್ನಡ ಲಿಪಿಯ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ನಿಮ್ಮೂರಿನ ಹೆಸರು ಹುಡುಕಿ ನೋಡಿ. ನಿಮ್ಮ ಮನೆಯಿಂದ ಹೆಜ್ಜೆ ದೂರದ ಕಲ್ಲಿಗೆ ನೂರು ವರ್ಷದ ಹಿಂದೆಯೇ ನಂಬರ್ ಬಿದ್ದಿರಬಹುದು.

ಪ್ರಶ್ನೆ 5: ಕೆಲಸ ನಿಂತ ಮೇಲೆ ಏನಾಯ್ತು?

ಐದರಲ್ಲಿ ಇದೇ ಕಷ್ಟದ ಪ್ರಶ್ನೆ. ಒತಾರುವಿನಲ್ಲಿ ದೊಡ್ಡ ಹಡಗು ನೇರ ಬಂದು ನಿಲ್ಲುವ ಕಟ್ಟೆಗಳಾದ ಮೇಲೆ ಕಾಲುವೆಗೆ ಕೆಲಸವಿಲ್ಲದಾಯಿತು. ಹೂಳು ತುಂಬಿತು, ನಾರತೊಡಗಿತು. 1966ರಲ್ಲಿ ಅದನ್ನು ಮುಚ್ಚಿ ಆರು ಪಥದ ರಸ್ತೆ ಮಾಡುವ ಯೋಜನೆಯಾಯಿತು. ಊರಿಗೆ ರಸ್ತೆ ಬೇಕಿತ್ತು ಅನ್ನೋದೂ ಸುಳ್ಳಲ್ಲ. 1973ರಲ್ಲಿ ಊರಿನ ಜನ ಕಾಲುವೆ ಉಳಿಸುವ ಸಂಘ ಕಟ್ಟಿದರು. ಹತ್ತು ವರ್ಷಕ್ಕೂ ಹೆಚ್ಚು ವಾದ ನಡೆಯಿತು. 1978ರಿಂದ ಯುವಕರು ಅದೇ ನಾರುವ ಕಾಲುವೆಯ ದಂಡೆಯಲ್ಲಿ ಹಬ್ಬ ಶುರುಮಾಡಿದರು. ಮೂಗು ಮುಚ್ಚಿಕೊಂಡು ದಾಟುತ್ತಿದ್ದವರು ಅಲ್ಲಿ ಬಂದು ನಿಂತು ಹಾಡು ಕೇಳಿದರು.

ಕೊನೆಗೆ ಆದದ್ದು ರಾಜಿ. ಕಾಲುವೆಯ ಒಂದು ಭಾಗದ ಅಗಲದಲ್ಲಿ ಅರ್ಧ ಮುಚ್ಚಿ ರಸ್ತೆ, ಉಳಿದರ್ಧಕ್ಕೆ ನಡೆದಾಡುವ ದಾರಿ, 63 ಗ್ಯಾಸ್ ದೀಪ. 1986ರಲ್ಲಿ ಮುಗಿಯಿತು. ಉತ್ತರದ ತುದಿಯಲ್ಲಿ ಮಾತ್ರ ಹಳೆಯ 40 ಮೀಟರ್ ಅಗಲ ಹಾಗೇ ಇದೆ. ಪ್ರವಾಸಿಗಳು ಇವತ್ತು ಸುಂದರ ಎಂದು ಕೊಂಡಾಡುವ ಕಾಲುವೆ ಅರ್ಧ ಸೋಲು, ಅರ್ಧ ಗೆಲುವು. ಆ ಅರ್ಧ ಗೆಲುವಿಗೂ ಕಾರಣ, ರಸ್ತೆ ಬರುವ ಮೊದಲೇ ಕೆಲವರಿಗೆ ಆ ಕಾಲುವೆ ಏನು ಅಂತ ಗೊತ್ತಿದ್ದದ್ದು.

ನಮ್ಮಲ್ಲಿ? ಸಂರಕ್ಷಿತ ಸ್ಮಾರಕಗಳಾದ ಕೇದಾರೇಶ್ವರ, ತ್ರಿಪುರಾಂತಕ, ಪ್ರಣವೇಶ್ವರ ಗುಡಿಗಳಿಗೆ ಬೇಲಿ ಇದೆ, ಫಲಕ ಇದೆ. ಅಪಾಯ ಇರೋದು ಬೇಲಿಯ ಹೊರಗೆ. ಹೊಲದ ಬದುವಿನ ವೀರಗಲ್ಲು, ಬಟ್ಟೆ ಒಗೆಯುವ ಕಲ್ಲಾದ ಶಾಸನ, ಬೋರ್‌ವೆಲ್ ಬಂದ ಮೇಲೆ ಯಾರಿಗೂ ಬೇಡವಾದ ತೂಬು, ಒತ್ತುವರಿಯಾದ ಕೆರೆ ಅಂಗಳ, ಮುಚ್ಚಿದ ಕೋಡಿ ಕಾಲುವೆ. ಇವಕ್ಕೆ ವಿರೋಧಿಗಳು ಅಂತ ಯಾರೂ ಇಲ್ಲ. ಜೆಸಿಬಿ ಡ್ರೈವರ್‌ಗೆ ಅದು ಕಲ್ಲು, ಕಂಟ್ರಾಕ್ಟರ್‌ಗೆ ಅದು ಅಡ್ಡಿ, ಊರವರಿಗೆ ಅದು ಹಳೇದು. ಗೊತ್ತಿರುವ ಒಬ್ಬ ಆ ಹೊತ್ತಿಗೆ ಅಲ್ಲಿದ್ದರೆ "ಸ್ವಲ್ಪ ಪಕ್ಕಕ್ಕೆ ಇಡಿ" ಅನ್ನಬಹುದಿತ್ತು. ಅಷ್ಟೇ ವ್ಯತ್ಯಾಸ. ಒಂದು ಕಲ್ಲು ಹೋದರೆ ಎಷ್ಟು ಹೋಗುತ್ತೆ ಅಂತ ಕೇಳುವವರಿಗೆ ತಾಳಗುಂದವೇ ಉತ್ತರ. ಆ ಕಂಬವನ್ನು ಯಾರೋ ಒಬ್ಬರು ಮನೆಯ ತೊಲೆ ಮಾಡಿಕೊಂಡಿದ್ದರೆ ಮಯೂರನ ಕಥೆ ನಮಗೆ ಸಿಗುತ್ತಿರಲಿಲ್ಲ.

ಒಂದು ದಿನದ ದಾರಿ

ಶಿವಮೊಗ್ಗದಿಂದ ಬೆಳಿಗ್ಗೆ ಬೇಗ ಹೊರಡಿ. ಮೊದಲು ಅಂಜನಾಪುರ. ಜಲಾಶಯದ ಏರಿ, ಕೋಡಿ, ನಾಲೆ ಬಾಗಿಲು ಎಲ್ಲಿವೆ ಅಂತ ನೋಡಿ ಒಂದು ಸ್ಕೆಚ್ ಹಾಕಿ. ನೀರು ತುಂಬಿ ಹರಿಯುವಾಗ ಕೋಡಿಯ ಹತ್ತಿರ ಇಳಿಯಬೇಡಿ, ಸೆಲ್ಫಿಗೆ ಜೀವ ಕೊಡುವಂಥದ್ದು ಏನೂ ಇಲ್ಲ. ಅಲ್ಲಿಂದ ಶಿಕಾರಿಪುರ, ಹುಚ್ಚರಾಯಸ್ವಾಮಿ ಗುಡಿ, ಪಕ್ಕದ ಹುಚ್ಚರಾಯನ ಕೆರೆ. ನಂತರ ಶಿರಾಳಕೊಪ್ಪಕ್ಕೆ ಬಂದು ಬಳ್ಳಿಗಾವಿ, ತಾಳಗುಂದ. ಸಮಯ ಉಳಿದರೆ ಆನವಟ್ಟಿಯ ಹತ್ತಿರ ಕುಬಟೂರಿನ ಕೈಟಭೇಶ್ವರ ಗುಡಿ. ತಾಳಗುಂದದಲ್ಲಿ ಶಾಸನದ ಅನುವಾದವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಕಂಬವನ್ನು ಒಂದು ಸುತ್ತು ಬನ್ನಿ. ಆಮೇಲೆ ಹೊರಗೆ ಬಂದು, ಕಾಕುಸ್ಥವರ್ಮನ ಎಂಜಿನಿಯರ್ ನೀವಾಗಿದ್ದರೆ ಏರಿಯನ್ನು ಎಲ್ಲಿ ಹಾಕುತ್ತಿದ್ದಿರಿ ಅಂತ ನೆಲದ ಇಳಿಜಾರು ನೋಡಿ ಯೋಚಿಸಿ.

ಶಾಸನದ ಫೋಟೋ ತೆಗೆಯಲು ನಡುಮಧ್ಯಾಹ್ನದ ಬಿಸಿಲು ಪ್ರಯೋಜನವಿಲ್ಲ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಿಗೆ ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಎದ್ದು ಕಾಣುತ್ತೆ. ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕಲ್ಲಿನ ಮೇಲೆ ಸೀಮೆಸುಣ್ಣ ತೀಡಬೇಡಿ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ ಅಂತೂ ಮುಟ್ಟಲೇಬೇಡಿ. ಹೊಲದಲ್ಲಿರುವ ಕಲ್ಲಾದರೆ ಹೊಲದವರನ್ನು ಮೊದಲು ಕೇಳಿ. "ಅಣ್ಣಾ, ಈ ಕಲ್ಲು ಸ್ವಲ್ಪ ನೋಡಬಹುದಾ" ಅಂದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನೋದಿಲ್ಲ. ಬಂಗಾರದ ನಿಧಿ ಹುಡುಕೋಕೆ ಬಂದಿದ್ದೀರಾ ಅಂತ ಕೇಳಬಹುದು, ಆಗ ಕೂತು ಶಾಸನದಲ್ಲಿ ಏನಿದೆ ಅಂತ ಓದಿ ಹೇಳಿ. ನಿಧಿಯ ಆಸೆಗೆ ಕಲ್ಲು ಒಡೆಯೋದು ತಪ್ಪಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಮ್ಮ ಓದು ಇಲ್ಲಿ ನೇರ ಕೆಲಸಕ್ಕೆ ಬರುತ್ತೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರತಿ ಉಳಿಸುವ ಕೆಲಸ ಮಾಡುತ್ತಿದೆ. ಬರಿಗಣ್ಣಿಗೆ ಕಾಣದ ಸವೆದ ಅಕ್ಷರವೂ ಸ್ಕ್ಯಾನ್‌ನಲ್ಲಿ ಓದಲು ಸಿಗುತ್ತದೆ. ದುಬಾರಿ ಸ್ಕ್ಯಾನರ್ ಇಲ್ಲದಿದ್ದರೆ ಫೋನಿನಲ್ಲಿ ಸುತ್ತಲಿಂದ ತೆಗೆದ ಹಲವು ಫೋಟೋಗಳನ್ನು ಜೋಡಿಸಿ ತ್ರೀಡಿ ಮಾದರಿ ಮಾಡುವ ಉಚಿತ ಸಾಫ್ಟ್‌ವೇರ್‌ಗಳಿವೆ. ಕಂಪ್ಯೂಟರ್ ಸೈನ್ಸಿನವರು ಮಾದರಿ ಮಾಡಲಿ, ಸಿವಿಲ್‌ನವರು ಲೆವೆಲ್ ತೆಗೆಯಲಿ, ಎಲೆಕ್ಟ್ರಾನಿಕ್ಸ್‌ನವರು ಕೆರೆಯ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಲಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಟಾಪಿಕ್ ಇಲ್ಲ ಅಂತ ಅಲೆಯೋದಾದರೂ ತಪ್ಪುತ್ತೆ.

ರಜೆಯ ಅಸೈನ್‌ಮೆಂಟ್

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಒಂದೇ ಒಂದು ಕೆರೆ, ಬಾವಿ, ಕಟ್ಟೆ ಅಥವಾ ಕಲ್ಲನ್ನು ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ:

1. ಅದರ ಹೆಸರು, ಹಳೆಯ ಹೆಸರು, ಅದು ಅಲ್ಲೇ ಯಾಕಿದೆ.
2. ಅದು ಮಾಡುತ್ತಿದ್ದ ಕೆಲಸ, ಭಾಗಗಳ ಸ್ಥಳೀಯ ಹೆಸರು, ಅಳತೆ ಸಹಿತ ಸ್ಕೆಚ್.
3. ಕಟ್ಟಿದವರು, ಖರ್ಚು ಕೊಟ್ಟವರು, ರಿಪೇರಿ ಮಾಡುತ್ತಿದ್ದವರು. ಅಜ್ಜ ಅಜ್ಜಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.
4. ಶಾಸನ, ನಕ್ಷೆ, ಪಹಣಿ, ಹಳೆಯ ಫೋಟೋ, ಹಾಡು, ಯಾವ ದಾಖಲೆ ಸಿಕ್ಕಿತು.
5. ಈಗಿನ ಸ್ಥಿತಿ, ದಿನಾಂಕ ಹಾಕಿದ ನಾಲ್ಕು ಫೋಟೋ.

ಹಾಳೆಯ ಒಂದು ಪ್ರತಿಯನ್ನು ನಿಮ್ಮೂರಿನ ಶಾಲೆಗೆ ಕೊಡಿ, ಇನ್ನೊಂದನ್ನು ನಮ್ಮ ಸಂಘಕ್ಕೆ ತನ್ನಿ. ಹತ್ತು ಜನ ತಂದರೆ ಹತ್ತು ಊರಿನ ದಾಖಲೆ. ಮುಂದಿನ ಬ್ಯಾಚಿನವರು ಅದೇ ಜಾಗಕ್ಕೆ ಹೋಗಿ ಐದನೆಯ ಪ್ರಶ್ನೆಗೆ ಮತ್ತೊಮ್ಮೆ ಉತ್ತರ ಬರೆಯಲಿ, ಅದರ ಮುಂದಿನವರು ಮತ್ತೊಮ್ಮೆ. ಹಿರೊಯಿಯ ಗಾರೆ ತುಂಡುಗಳ ಹಾಗೆ.